ಬಾದಾಮಿ ಮ್ಯಾಕರಾನ್‌ಗೆ ತೆಂಗಿನಕಾಯಿಯ ವಿವರಣೆ: ನಿಮ್ಮ ಆ್ಯಪ್ ಮೇಲೆ ನನ್ನ ದೂರು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಲಾಸ್ ಏಂಜಲೀಸ್‌ನಲ್ಲಿ ಫ್ರೆಂಚ್ ಮ್ಯಾಕರಾನ್ ಹುಡುಕಿದವರಿಗೆ ನಿಮ್ಮ ಫುಡ್ ಡೆಲಿವರಿ ಆ್ಯಪ್ ಕೊಡುತ್ತಿರುವ ತಪ್ಪು ಮಾಹಿತಿ

ಮಾನ್ಯರೇ,

ನಿಮ್ಮ ಸಹಾಯವಾಣಿಯಲ್ಲಿ ನನ್ನ ಜೊತೆ ಮಾತಾಡಿದ ಹುಡುಗಿ ಬೆಂಗಳೂರಿನವರು. "ಪೂರ್ತಿ ವಿಷಯ ಕನ್ನಡದಲ್ಲೇ ಬರೆದು ಕಳಿಸಿ ಮೇಡಂ, ನಾನು ಓದಿ ಮೇಲಿನವರಿಗೆ ದಾಟಿಸುತ್ತೇನೆ" ಎಂದರು. ನನ್ನ ಮಾತನ್ನು ತಾಳ್ಮೆಯಿಂದ ಕೇಳಿಸಿಕೊಂಡರು. ಅವರ ಮೇಲೆ ನನಗೇನೂ ಬೇಜಾರಿಲ್ಲ. ದೂರು ಇರುವುದು ನಿಮ್ಮ ಆ್ಯಪ್ ಮೇಲೆ.

ನನ್ನ ಮಗಳು ಹೈಸ್ಕೂಲಿನಲ್ಲಿ 4 ವರ್ಷ ಫ್ರೆಂಚ್ ಕಲಿತಳು. ಈ ಜೂನ್‌ನಲ್ಲಿ ಅವಳ ಫ್ರೆಂಚ್ ಟೀಚರ್ ನಿವೃತ್ತರಾದರು. ಮಕ್ಕಳೆಲ್ಲ ಸೇರಿ ಅವರಿಗೆ ಮ್ಯಾಕರಾನ್, ಅಂದರೆ ಎರಡು ಬಾದಾಮಿ ಬಿಲ್ಲೆಗಳ ನಡುವೆ ಕ್ರೀಮ್ ತುಂಬಿದ ಫ್ರೆಂಚ್ ಸಿಹಿ, ಕೊಟ್ಟು ಬೀಳ್ಕೊಡೋಣ ಎಂದುಕೊಂಡರು. ತರಿಸುವ ಕೆಲಸ ನಾನು ಒಪ್ಪಿಕೊಂಡೆ. ಮಂಗಳವಾರ ನಿಮ್ಮ ಆ್ಯಪ್‌ನಲ್ಲಿ "ಫ್ರೆಂಚ್ ಮ್ಯಾಕರಾನ್" ಎಂದು ಹುಡುಕಿ, ಪಟ್ಟಿಯಲ್ಲಿ ಮೊದಲು ಬಂದ ಅಂಗಡಿಯಿಂದ 24 ತರಿಸಿದೆ. ಫೋಟೋದಲ್ಲಿ ಗುಲಾಬಿ ಬಣ್ಣದ್ದು, ಪಿಸ್ತಾ ಬಣ್ಣದ್ದು, ಎಲ್ಲ ಚೆಂದದ ಜೋಡಿ ಬಿಲ್ಲೆಗಳು. ಡಬ್ಬಿ ಬಿಚ್ಚಿದರೆ ಒಳಗೆ ಕೊಬ್ಬರಿ ಉಂಡೆಗಳು! ಅವು ಮ್ಯಾಕರೂನ್.

ಹೆಸರಿನ ಗೊಂದಲ ಹಳೆಯದು, ಒಪ್ಪುತ್ತೇನೆ. ಎರಡು ಪದಗಳೂ ಒಂದೇ ಇಟಾಲಿಯನ್ ಬೇರಿನಿಂದ ಬಂದವು. ಆದರೆ ಇವತ್ತು ಅಮೆರಿಕದ ಯಾವ ಬೇಕರಿಯಲ್ಲಿ ಕೇಳಿದರೂ ಎರಡೂ ಬೇರೆ ಬೇರೆ ತಿಂಡಿ. ಮ್ಯಾಕರೂನ್ ಎಂದರೆ ತೆಂಗಿನತುರಿ, ಸಕ್ಕರೆ, ಮೊಟ್ಟೆಯ ಬಿಳಿ. ಹಿಟ್ಟು ಇಲ್ಲದ್ದರಿಂದ, ಹುದುಗಿದ ಹಿಟ್ಟಿನ ತಿಂಡಿ ತಿನ್ನದ ಪಾಸೋವರ್ ಹಬ್ಬಕ್ಕೆ ಯಹೂದಿ ಮನೆಗಳಲ್ಲಿ ಅದು ಬೇಕೇ ಬೇಕು. ನಾನು ಮಂಗಳೂರಿನವಳು. ಕ್ರಿಸ್‌ಮಸ್‌ನಲ್ಲಿ ಪಕ್ಕದ ಮನೆಯಿಂದ ಬರುತ್ತಿದ್ದ ಕುಸ್ವಾರ್ ತಟ್ಟೆಯಲ್ಲಿ ನೆವ್ರಿ, ಕಿಡ್ಯೊ, ಗುಲಿಯೊ ಜೊತೆ ಕೊಬ್ಬರಿ ಮ್ಯಾಕರೂನ್ ಕೂಡ ಇರುತ್ತಿತ್ತು. ನಾನು ಮೊದಲು ಕೈ ಹಾಕುತ್ತಿದ್ದುದೇ ಅದಕ್ಕೆ. ಹಾಗಾಗಿ ಅದು ಕೀಳು ತಿಂಡಿ ಎಂದು ನಾನು ಹೇಳುತ್ತಿಲ್ಲ. ನಾನು ದುಡ್ಡು ಕೊಟ್ಟಿದ್ದು ಅದಕ್ಕಲ್ಲ, ಅಷ್ಟೇ.

ಗುರುವಾರ ಪಟ್ಟಿಯ ಎರಡನೇ ಅಂಗಡಿಯಿಂದ ಮತ್ತೆ 24 ತರಿಸಿದೆ. ಈ ಸಲ ಬಂದಿದ್ದು ನಿಜವಾದ ಮ್ಯಾಕರಾನ್. ಆದರೆ ನಮ್ಮ ನಾರ್ತ್‌ರಿಡ್ಜ್‌ನಲ್ಲಿ ಅವತ್ತು 95 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ನಿಮ್ಮ ಡ್ರೈವರ್‌ಗೆ ಒಂದೇ ಸುತ್ತಿನಲ್ಲಿ ಬೇರೆ ಆರ್ಡರ್‌ಗಳನ್ನೂ ಕೊಟ್ಟಿದ್ದೀರಿ. ಡಬ್ಬಿ ಒಂದೂವರೆ ಗಂಟೆ ಕಾರಿನಲ್ಲೇ ಸುತ್ತಾಡಿದ್ದನ್ನು ನಿಮ್ಮ ಮ್ಯಾಪ್‌ನಲ್ಲೇ ನೋಡಿದೆ. ಕ್ರೀಮ್ ಕರಗಿ ಹೊರಗೆ ಹರಿದಿತ್ತು. ಬಿಲ್ಲೆಗಳು ಒಂದಕ್ಕೊಂದು ಅಂಟಿ ಒಡೆದಿದ್ದವು.

ಕರಗಿದ್ದು ಸಣ್ಣ ವಿಷಯ. ಮುಖ್ಯ ವಿಷಯ ಬೇರೆ ಇದೆ, ದಯವಿಟ್ಟು ಗಮನವಿಟ್ಟು ಓದಿ.

ಆ ಎರಡನೇ ಅಂಗಡಿಯ ಪುಟದ ಲಿಂಕನ್ನು ನಾನು ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದೆ. ಕ್ಲಾಸಿನ ಒಬ್ಬ ಹುಡುಗನಿಗೆ ಬಾದಾಮಿ ಅಲರ್ಜಿ. ಅವನ ತಾಯಿ ಪುಟ ಓದಿ ನನಗೆ ಫೋನ್ ಮಾಡಿದರು. "ಇದರಲ್ಲಿ ಬರೀ ತೆಂಗಿನಕಾಯಿ ಅಂತಿದೆ, ನನ್ನ ಮಗ ಒಂದು ತಿನ್ನಬಹುದು ಅಲ್ವಾ?" ಎಂದು ಕೇಳಿದರು. ನನ್ನ ಕೈ ತಣ್ಣಗಾಯಿತು. ಮ್ಯಾಕರಾನ್ ಬಿಲ್ಲೆ ಮಾಡುವುದೇ ಬಾದಾಮಿ ಪುಡಿಯಿಂದ. ಬಾದಾಮಿ ಪುಡಿ, ಸಕ್ಕರೆ, ಮೊಟ್ಟೆಯ ಬಿಳಿ, ಇಷ್ಟು ಬಿಟ್ಟರೆ ಅದರಲ್ಲಿ ಜಾಸ್ತಿ ಏನೂ ಇಲ್ಲ. ನಾನು ಅಂಗಡಿಗೆ ಫೋನ್ ಮಾಡಿ ವಿಚಾರಿಸಿದೆ. ಆ ವಿವರಣೆ ಅವರು ಬರೆದದ್ದಲ್ಲ. ಮ್ಯಾಕರಾನ್, ಮ್ಯಾಕರೂನ್ ಎರಡಕ್ಕೂ ನಿಮ್ಮ ಆ್ಯಪ್ ತಾನಾಗಿಯೇ ಒಂದೇ ವಿವರಣೆ ಅಂಟಿಸುತ್ತದೆ, ತೆಗೆಯಿರಿ ಎಂದು ಕೇಳಿದರೂ ತೆಗೆದಿಲ್ಲ ಎಂದರು.

ಇದೇ ಅಮೆರಿಕದಲ್ಲಿ ಬಾದಾಮಿ ಕಾನೂನಿನ ಪ್ರಕಾರ ದೊಡ್ಡ ಅಲರ್ಜಿ ಪದಾರ್ಥಗಳ ಪಟ್ಟಿಯಲ್ಲಿದೆ. ತೆಂಗಿನಕಾಯಿಯನ್ನು ಎಫ್‌ಡಿಎ (ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ) 2025ರ ಜನವರಿಯಲ್ಲಿ ಆ ಪಟ್ಟಿಯಿಂದ ಕೈಬಿಟ್ಟಿತು. ಅಂದರೆ "ತೆಂಗು" ಎಂದು ಓದಿದ ತಾಯಿಗೆ ಧೈರ್ಯ ಬರುವುದು ಸಹಜ. ಅವರು ಫೋನ್ ಮಾಡದೆ ಸುಮ್ನೆ ಇದ್ದಿದ್ದರೆ? ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಷ್ಟೆಲ್ಲ ತಿಳಿಸಿದ ಮೇಲೆ ನಿಮ್ಮಿಂದ ಬಂದಿದ್ದು 5 ಡಾಲರ್ ಕೂಪನ್ ಮತ್ತು "ನಿಮ್ಮ ಅನುಭವ ನಮಗೆ ಮುಖ್ಯ" ಎಂಬ ಒಂದು ಸಾಲು.

ಶುಕ್ರವಾರ ಬೆಳಿಗ್ಗೆ ರಜೆ ಹಾಕಿ ನಾನೇ ಹೊರಟೆ. ನಾರ್ತ್ ಹಾಲಿವುಡ್‌ನಲ್ಲಿ ಕಾರು ನಿಲ್ಲಿಸಿ, ಬಿ ಲೈನ್ ಮೆಟ್ರೋ ಹತ್ತಿ 7ನೇ ಬೀದಿಯ ನಿಲ್ದಾಣದಲ್ಲಿ ಇಳಿದೆ. ಹತ್ತಿರದಲ್ಲೇ, ಗ್ರ್ಯಾಂಡ್ ಅವೆನ್ಯೂ ಮೂಲೆಯಲ್ಲಿ, 2008ರಿಂದ ಇರುವ ಬೊಟೆಗಾ ಲೂಯಿ ಎಂಬ ರೆಸ್ಟೋರೆಂಟ್ ಮತ್ತು ಬೇಕರಿ ಇದೆ. ಎತ್ತರದ ಬಿಳಿ ಹಾಲ್, ಗಾಜಿನ ಕಪಾಟಿನಲ್ಲಿ ಸಾಲು ಸಾಲು ಮ್ಯಾಕರಾನ್. ಅಲ್ಲೇ ನಿಂತು ಒಂದು ತಿಂದೆ. ಹಲ್ಲು ತಾಕಿದ ಕೂಡಲೇ ತೆಳು ಸಿಪ್ಪೆ ಪುಡಿಯಾಯಿತು. ಒಳಗೆ ಮೆತ್ತಗೆ, ಸ್ವಲ್ಪ ಜಗಿಯುವ ಹಾಗೆ. ಎಲ್ಲೂ ಟೊಳ್ಳಿಲ್ಲ. ಬಿಲ್ಲೆಯ ಅಂಚಿನಲ್ಲಿ ಸುತ್ತಲೂ ಸಮನಾಗಿ ಎದ್ದ ನೊರೆಯಂಥ ಪಟ್ಟಿ. ಫ್ರೆಂಚರು ಅದನ್ನು "ಪಾದ" ಎನ್ನುತ್ತಾರೆ ಎಂದು ಮಗಳು ಹೇಳಿಕೊಟ್ಟಿದ್ದಳು.

ಇದನ್ನು ಯಾಕೆ ಬರೆಯುತ್ತಿದ್ದೇನೆ ಎಂದರೆ, ನಿಮ್ಮ ಆ್ಯಪ್ ತೋರಿಸುವ "ಅತ್ಯುತ್ತಮ" ಮ್ಯಾಕರಾನ್ ಅಂಗಡಿಗಳ ಪಟ್ಟಿಯಲ್ಲಿ ಇಂಥ ಒಂದು ಮಾತೂ ಇಲ್ಲ. ಒಳ್ಳೆಯ ಮ್ಯಾಕರಾನ್‌ಗೆ ಕ್ರೀಮ್ ತುಂಬಿದ ಮೇಲೆ ಸುಮಾರು ಒಂದು ದಿನ ಫ್ರಿಜ್‌ನಲ್ಲಿ ವಿಶ್ರಾಂತಿ ಬೇಕು. ಕ್ರೀಮಿನ ಪಸೆ ಬಿಲ್ಲೆಗೆ ಇಳಿದಾಗಲೇ ಆ ಮೆತ್ತನೆ ಗುಣ ಬರುವುದು. ಫ್ರೀಜರ್‌ನಲ್ಲಿ ಇಟ್ಟದ್ದಾದರೂ ತಪ್ಪಿಲ್ಲ, ಮುಚ್ಚಿದ ಡಬ್ಬಿಯಲ್ಲೇ ನಿಧಾನವಾಗಿ ತಣಿವು ಬಿಡಿಸಿದರೆ ಚೆನ್ನಾಗಿಯೇ ಇರುತ್ತದೆ. ಬಿಸಿ ಕಾರು ಮಾತ್ರ ಅದನ್ನು ಕೊಲ್ಲುತ್ತದೆ. ಯಾವ ಅಂಗಡಿ ತಾನೇ ಬೇಯಿಸುತ್ತದೆ, ಯಾವುದು ಹೊರಗಿನಿಂದ ತರಿಸುತ್ತದೆ ಎಂದು ತಿಳಿಯಲು ನಿಮ್ಮಲ್ಲಿ ದಾರಿಯೇ ಇಲ್ಲ. ಜಗತ್ತಿನ ಬಾದಾಮಿಯಲ್ಲಿ ಶೇಕಡಾ 80ರಷ್ಟು ಬೆಳೆಯುವ ಕ್ಯಾಲಿಫೋರ್ನಿಯಾದಲ್ಲಿ ಕೂತು, ಬಾದಾಮಿ ಯಾವ ತಿಂಡಿಯಲ್ಲಿದೆ ಎಂದು ನಿಮ್ಮ ಆ್ಯಪ್‌ಗೆ ಗೊತ್ತಿಲ್ಲ ಎಂದರೆ ನನಗೆ ಒಪ್ಪಲಾಗುವುದಿಲ್ಲ.

ಎರಡು ಆರ್ಡರ್‌ಗಳ ಪೂರ್ತಿ ಹಣ, 52 ಮತ್ತು 68 ಡಾಲರ್, ನನ್ನ ಕಾರ್ಡಿಗೆ ವಾಪಸ್ ಮಾಡಿ. ಕೂಪನ್ ಬೇಡ. ಅದಕ್ಕಿಂತ ಮೊದಲು, ಇವತ್ತೇ, ಮ್ಯಾಕರಾನ್ ಪುಟಗಳಿಂದ ಆ ತೆಂಗಿನ ವಿವರಣೆ ತೆಗೆದು, ಬಾದಾಮಿ ಇದೆ ಎಂದು ಎದ್ದು ಕಾಣುವಂತೆ ಹಾಕಿ. ಮ್ಯಾಕರಾನ್, ಮ್ಯಾಕರೂನ್ ಎರಡನ್ನೂ ಬೇರೆ ಬೇರೆ ಪಟ್ಟಿ ಮಾಡಿ. ಬೇಸಿಗೆಯಲ್ಲಿ ಇಂಥ ತಿಂಡಿ ಒಯ್ಯುವ ಡ್ರೈವರ್‌ಗೆ ತಂಪು ಚೀಲ ಕೊಡಿ, ಅಥವಾ ನಡುವೆ ಬೇರೆ ಆರ್ಡರ್ ಸೇರಿಸದೆ ನೇರವಾಗಿ ಮನೆಗೆ ತಲುಪಿಸಿ.

ಎರಡೂ ಡಬ್ಬಿಗಳ ಫೋಟೋ, ಬಿಲ್ ಮತ್ತು ಆ ಪುಟದ ಚಿತ್ರವನ್ನು ಜೊತೆಗೆ ಕಳಿಸಿದ್ದೇನೆ. 10 ದಿನದೊಳಗೆ ಉತ್ತರ ಬರದಿದ್ದರೆ, ವಿವರಣೆಯ ವಿಷಯವನ್ನು ಎಫ್‌ಡಿಎಗೆ ಮತ್ತು ಲಾಸ್ ಏಂಜಲೀಸ್ ಕೌಂಟಿಯ ಆರೋಗ್ಯ ಇಲಾಖೆಗೆ ಬರೆದು ತಿಳಿಸುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ
ನಾರ್ತ್‌ರಿಡ್ಜ್, ಲಾಸ್ ಏಂಜಲೀಸ್