ತೆಗೆದದ್ದು ಯಾರಿಗೂ ಗೊತ್ತಾಗುವುದಿಲ್ಲವಲ್ಲ

ಶಿರಸಿ

ಪ್ರೀತಿಯ ತಂಗಿ,

ಮನೆ ಸುದ್ದಿಯೆಲ್ಲ ನಿನ್ನ ಆಯಿ ಫೋನಿನಲ್ಲಿ ಹೇಳಿರುತ್ತಾಳೆ, ಅದು ಬೇಡ. ನಿನ್ನ ಪತ್ರದ ಒಂದು ಮಾತು ನನಗೆ ನಿದ್ದೆ ಮಾಡಲು ಬಿಡಲಿಲ್ಲ. ನಿಮ್ಮ ಪ್ರಕಾಶನದ ಸಾಹೇಬರು ಹಳೇ ಕಾದಂಬರಿಯ ಮರುಮುದ್ರಣದಲ್ಲಿ ಜಾತಿ ಹಿಡಿದು ಬೈಯುವ ಮಾತುಗಳನ್ನೆಲ್ಲ ತೆಗಿ ಅಂದಿದ್ದಾರೆ ಎಂದು ಬರೆದೆ. 'ತೆಗೆಯುವುದು ಕಷ್ಟವಲ್ಲ ದೊಡ್ಡಾಯಿ, ತೆಗೆದದ್ದು ಯಾರಿಗೂ ಗೊತ್ತೇ ಆಗುವುದಿಲ್ಲವಲ್ಲ, ಅದೇ ಭಯ' ಅಂದೆ.

ನಿನ್ನ ಅಮ್ಮಮ್ಮ ಮದುವೆ ಮನೆಯಲ್ಲಿ ಬೀಗರನ್ನು ಗೇಲಿ ಮಾಡುವ ಹಾಡು ಹೇಳುತ್ತಿದ್ದಳು. ಪಂಕ್ತಿಯಲ್ಲಿ ಕೂತ ಗಂಡಸರು ಬಾಳೆಲೆಯಿಂದ ತಲೆ ಎತ್ತುತ್ತಿರಲಿಲ್ಲ, ಅಷ್ಟು ಖಾರ. ಹಾಡು ಸಂಗ್ರಹಿಸುವವರು ಬಂದು ಎಲ್ಲ ಬರೆದುಕೊಂಡು ಹೋದರು. ಪುಸ್ತಕ ಬಂದಾಗ ನೋಡಿದರೆ ಆರತಿ ಹಾಡು, ಹಸೆಗೆ ಕರೆಯುವ ಹಾಡು ಅಷ್ಟೇ. ಬೀಗರ ಹಾಡು ಒಂದೂ ಇಲ್ಲ. ಬಿಟ್ಟಿದ್ದೇವೆ ಎಂಬ ಮಾತೂ ಇಲ್ಲ. ಅದನ್ನು ಓದಿದವರಿಗೆ ನಮ್ಮ ಹೆಂಗಸರು ಬರೀ ಆರತಿ ಎತ್ತಿಕೊಂಡಿದ್ದರು ಅಂತಲೇ ಅನಿಸುತ್ತದೆ. ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತು. ಒಂದು ಸಂಜೆ ಅಮ್ಮಮ್ಮನ ಹತ್ತಿರ ಹಾಡಿಸಿ ಇಟ್ಟುಕೊಳ್ಳಬಹುದಿತ್ತು ಅಂತ ಈಗಲೂ ಸಂಕಟವಾಗುತ್ತದೆ.

ನಿನ್ನ ಭಯ ಸುಮ್ನೆ ಅಲ್ಲ. ತಂಜಾವೂರಿನ ಹಳೇ ಕಾಲದ ಕವಯಿತ್ರಿ ಮುದ್ದುಪಳನಿಯ ತೆಲುಗು ಕಾವ್ಯ ಅಚ್ಚಾದಾಗ ಶೃಂಗಾರ ಜಾಸ್ತಿ ಎಂದು ಪದ್ಯಗಳನ್ನು ಬಿಟ್ಟಿದ್ದರು. ಗಾಯಕಿ, ನಮ್ಮ ಬೆಂಗಳೂರು ನಾಗರತ್ನಮ್ಮ ಹಸ್ತಪ್ರತಿ ಹುಡುಕಿ, ಹೋಲಿಸಿ ನೋಡಿ, 1910ರಲ್ಲಿ ಪೂರ್ತಿ ಅಚ್ಚು ಹಾಕಿಸಿದರು. ಬ್ರಿಟಿಷ್ ಸರ್ಕಾರ ಅಶ್ಲೀಲ ಎಂದು ನಿಷೇಧಿಸಿತು. ನಿಷೇಧ ಹೋದದ್ದು 1947ರಲ್ಲಿ. ಅವರಿಗೆ ಆ ಹಸ್ತಪ್ರತಿ ಸಿಗದೇ ಹೋಗಿದ್ದರೆ?

ಹಾಗಂತ ಬೈಗುಳ ಇದ್ದ ಹಾಗೇ ಇರಲಿ ಎಂದು ಸಲೀಸಾಗಿ ಹೇಳಲಾರೆ. ಶಾಲೆಯಲ್ಲಿ ಪಾಠ ಗಟ್ಟಿಯಾಗಿ ಓದಿಸುವಾಗ ಅಂಥ ಮಾತು ಬಂದರೆ ಒಬ್ಬ ಹುಡುಗ ತಲೆ ತಗ್ಗಿಸುತ್ತಿದ್ದ, ಉಳಿದವರು ಅವನತ್ತ ತಿರುಗುತ್ತಿದ್ದರು. ಚಿಕ್ಕ ಮಕ್ಕಳ ಪುಸ್ತಕವಾದರೆ ತೆಗಿ ಅಂದೇನು. ಆದರೆ ನಿನ್ನ ಕಾದಂಬರಿಯಲ್ಲಿ ಬೈಯುವವನು ಒಡೆಯ ಅಲ್ವಾ? ಅವನ ಬಾಯಿ ತೊಳೆದುಬಿಟ್ಟರೆ ಅವನು ಒಳ್ಳೆಯವನಾಗಿಬಿಡುತ್ತಾನೆ. ಆಳಿನ ಸಿಟ್ಟಿಗೆ ಕಾರಣವೇ ಉಳಿಯುವುದಿಲ್ಲ. ಇನ್ನೊಂದು ಮಾತು. ನಾವಿಬ್ಬರೂ ಆ ಬೈಗುಳ ತಿಂದವರಲ್ಲ. ತಿಂದವರ ಮನೆಯ ಓದುಗರು ಯಾರಾದರೂ ಇದ್ದರೆ ಅವರಿಗೆ ಆ ಪುಟ ತೋರಿಸು.

2023ರಲ್ಲಿ ಬ್ರಿಟನ್ನಿನ ಲೇಖಕ ರೋಲ್ಡ್ ಡಾಲ್ ಅವರ ಮಕ್ಕಳ ಪುಸ್ತಕಗಳಲ್ಲಿ ಎಷ್ಟೋ ಪದ ಬದಲಿಸಿದರು. ಅವರು 1990ರಲ್ಲೇ ತೀರಿಕೊಂಡಿದ್ದರು, ಕೇಳುವ ಹಾಗಿರಲಿಲ್ಲ. ಪತ್ರಿಕೆಯವರು ಹಳತು ಹೊಸತು ಅಕ್ಕಪಕ್ಕ ಇಟ್ಟು ತೋರಿಸಿದರು. ಗಲಾಟೆಯಾದ ಮೇಲೆ ಹಳೆಯದನ್ನೂ ಅಚ್ಚು ಮಾಡುತ್ತೇವೆ ಎಂದು ಪ್ರಕಾಶಕರು ಹೇಳಿದರು. ನಮ್ಮ ಕನ್ನಡದ ಒಂದು ಹಳೇ ಕಾದಂಬರಿಯನ್ನು ಹಾಗೆ ಅಕ್ಕಪಕ್ಕ ಇಟ್ಟು ನೋಡುವವರು ಯಾರಿದ್ದಾರೆ ತಂಗಿ? ಅದಕ್ಕೇ ನಿನ್ನ ಮಾತು ನನ್ನನ್ನು ಬಿಡುತ್ತಿಲ್ಲ.

ನಾನು ಪ್ರಕಾಶನದ ಕೆಲಸ ಮಾಡಿದವಳಲ್ಲ, ಹೆಚ್ಚಿಗೆ ಹೇಳಿದರೆ ಬೇಜಾರು ಮಾಡಿಕೊಳ್ಳಬೇಡ. ಏನು ಬಿಟ್ಟಿದೆ, ಯಾಕೆ ಬಿಟ್ಟಿದೆ ಎಂದು ಮೊದಲ ಪುಟಗಳಲ್ಲಿ ಎರಡು ಸಾಲು ಹಾಕೋಣವೇ ಎಂದು ಕೇಳಿ ನೋಡು. ಲೇಖಕರ ಮಕ್ಕಳನ್ನು ಕೇಳಿದ್ದಾರಾ? 1957ರ ಕಾಪಿರೈಟ್ ಕಾಯ್ದೆಯ 57ನೇ ಕಲಮಿನಲ್ಲಿ, ಲೇಖಕರ ಗೌರವಕ್ಕೆ ಕುಂದು ಬರುವಂತೆ ಕೃತಿಯನ್ನು ತಿದ್ದಿದರೆ ಆಕ್ಷೇಪಿಸುವ ಹಕ್ಕಿದೆ, ವಾರಸುದಾರರಿಗೂ ಇದೆ. ಜಗಳಕ್ಕೆ ಹೇಳುತ್ತಿಲ್ಲ, ಸಾಹೇಬರ ಹತ್ತಿರ ಮಾತು ತೆಗೆಯಲು ಬೇಕಾದೀತು ಅಂತ.

ಅವರು ಒಪ್ಪದಿದ್ದರೆ ಕೆಲಸ ಬಿಡು ಅನ್ನುವುದಿಲ್ಲ, ಬೆಂಗಳೂರಿನ ಬಾಡಿಗೆ ಕಟ್ಟುವವಳು ನೀನು. ತೆಗೆದ ಮಾತುಗಳನ್ನೆಲ್ಲ ಪುಟದ ನಂಬರು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಹಳೇ ಮುದ್ರಣದ ಪ್ರತಿಯನ್ನು ರದ್ದಿಗೆ ಹಾಕಲು ಬಿಡಬೇಡ. ಆಫೀಸಿನಲ್ಲಿ ಇಡಲು ಜಾಗವಿಲ್ಲ ಅಂದರೆ ನನಗೆ ಪಾರ್ಸೆಲ್ ಮಾಡು.

ನಿನ್ನ
ದೊಡ್ಡಾಯಿ