ಮಳೆ ಪಾಠದ ಹಿಂದಿನ ಹಾಡು

ಪ್ರೀತಿಯ ಪುಟ್ಟಿಗೆ ಸೋದರಮಾವನ ಆಶೀರ್ವಾದಗಳು.

ನಿನ್ನ ಪತ್ರದ ಬೇರೆ ವಿಷಯಕ್ಕೆಲ್ಲ ನಿನ್ನ ಅತ್ತೆ ಫೋನಿನಲ್ಲೇ ಉತ್ತರ ಕೊಟ್ಟಾಗಿದೆ. ನನ್ನ ನಿದ್ದೆ ಕೆಡಿಸಿದ್ದು ಕೊನೆಯ ಸಾಲು. "ಮಾವ, ನಾನು ಕದ್ದ ಹಾಗಾಯ್ತಾ?" ಅಂತ ಕೇಳಿದ್ದೀಯ.

ನೀನು ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಮಳೆ ಹೇಗೆ ಬರುತ್ತದೆ ಅಂತ ವಿಡಿಯೋ ಮಾಡಿದೆ. ಹಿಂದೆ ಒಂದು ಸಿನಿಮಾ ಹಾಡು ಹಾಕಿದೆ. ಆ ಹಾಡಿನ ಹಕ್ಕು ಬೇರೆಯವರದು ಅಂತ ರಾತ್ರಿ ಯೂಟ್ಯೂಬಿನಿಂದ ಮೇಲ್ ಬಂತು. ಇಷ್ಟೇ ಅಲ್ವಾ? ನೀನು ಕಳ್ಳಿಯಲ್ಲ ಕಣಮ್ಮ. ಆದರೆ ಸುಮ್ನೆ ಸಮಾಧಾನ ಹೇಳಿ ಮುಗಿಸಲು ನನಗೆ ಮನಸ್ಸು ಬರುತ್ತಿಲ್ಲ. ಆ ಪ್ರಶ್ನೆ ನಾನು ಕೇಳಿಕೊಳ್ಳಬೇಕಾಗಿದ್ದ ಕಾಲದಲ್ಲಿ ಕೇಳಿಕೊಳ್ಳಲಿಲ್ಲ.

ನನ್ನ ಕ್ಯಾಸೆಟ್ ಅಂಗಡಿಯ ಕಥೆಗಳೆಲ್ಲ ನಿನಗೆ ಗೊತ್ತು. ಇದೊಂದನ್ನು ನಿನ್ನ ಅಮ್ಮನಿಗೂ ಹೇಳಿಲ್ಲ. ಊರಿನ ಒಬ್ಬ ಹೆಂಗಸು ಬಳೆ ಅಡವಿಟ್ಟು ದಾಸರ ಪದಗಳ ಕ್ಯಾಸೆಟ್ ಮಾಡಿಸಿದ್ದರು. ಮಾರಿಕೊಡಿ ಅಂತ ನನ್ನ ಹತ್ತಿರ 20 ಇಟ್ಟು ಹೋದರು. ಮಾರಿದ್ದು ಮೂರೇ. ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಅರ್ಧ ಬೆಲೆಗೆ ಕೊಟ್ಟಿದ್ದಕ್ಕೆ ಲೆಕ್ಕವಿಲ್ಲ. ಒಂದು ಸಂಜೆ ಅವರು ಬಂದಾಗ, ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ತುಂಬಿಸುವ ಡಬಲ್ ಡೆಕ್ಕಿನಲ್ಲಿ ಎರಡೂ ಕ್ಯಾಸೆಟ್ ತಿರುಗುತ್ತಿದ್ದವು. ಅವರದೇ ದನಿ. ಪಕ್ಕದಲ್ಲಿ ನಾನು ಪೆನ್ನಿನಲ್ಲಿ ಬರೆದಿಟ್ಟ ಚೀಟಿ. 'ದಾಸರ ಪದ' ಅಂತಷ್ಟೇ ಇತ್ತು, ಅವರ ಹೆಸರಿರಲಿಲ್ಲ. ಅವರು ಅದನ್ನು ಕೈಗೆ ತೆಗೆದುಕೊಂಡು ಓದಿ ಅಲ್ಲೇ ಇಟ್ಟರು. ಉಳಿದ 17 ಕ್ಯಾಸೆಟ್ಟುಗಳನ್ನು ಚೀಲಕ್ಕೆ ತುಂಬಿಕೊಂಡು ಹೋದರು. ಮಾರಿದ ಮೂರರ ದುಡ್ಡನ್ನೂ ಕೇಳಲಿಲ್ಲ. ನಾನೂ ಕೊಡಲಿಲ್ಲ.

ಪುರಂದರದಾಸರ ಪದ ಎಲ್ಲರದೂ ತಾನೇ ಅಂತ ಆಗ ನನಗೆ ನಾನೇ ಹೇಳಿಕೊಂಡೆ. ಪದ ಎಲ್ಲರದೂ ಹೌದು. ಆದರೆ ಆ ರೆಕಾರ್ಡಿಂಗ್ ಅವರದು. ನಮ್ಮ ಕಾನೂನಿನಲ್ಲಿ ರೆಕಾರ್ಡಿಂಗಿಗೆ ಅದು ಹೊರಬಂದ ಮೇಲೆ 60 ವರ್ಷ ಹಕ್ಕಿರುತ್ತದೆ. ದಾಸರ ಪದ ಬೇಕಾದರೆ ನೀನೇ ಹಾಡು, ನಿನಗೆ ಕಂಠವಿದೆ. ಕವಿಗಳ ಪದ್ಯಕ್ಕೆ ಅವರು ತೀರಿಕೊಂಡ ಮೇಲೆ 60 ವರ್ಷ. ಮಕ್ಕಳಿಗೆ ಅಷ್ಟೊಂದು ಬರೆದ ಜಿ.ಪಿ. ರಾಜರತ್ನಂ ಹೋಗಿದ್ದು 1979ರಲ್ಲಿ. ಹಾಗಾಗಿ ಅವರ ಪದ್ಯಗಳನ್ನು 2039 ಮುಗಿಯುವವರೆಗೆ ಅನುಮತಿ ಕೇಳಿಯೇ ಹಾಕಬೇಕು.

"ಪಾಠಕ್ಕೆ ತಾನೇ ಬಳಸಿದ್ದು" ಅಂತಲೂ ಬರೆದಿದ್ದೀಯ. ಕ್ಲಾಸಿನೊಳಗೆ ಕಲಿಸುವವರಿಗೆ 1957ರ ಕಾಪಿರೈಟ್ ಕಾಯ್ದೆಯಲ್ಲೇ ಸ್ವಲ್ಪ ವಿನಾಯಿತಿ ಇದೆ. ಜಗತ್ತಿಗೆಲ್ಲ ಕಾಣುವ ಹಾಗೆ ಹಾಕಿದಾಗ ಅದನ್ನೇ ನಂಬಿ ಕೂರಬೇಡ. ಹತ್ತು ಸೆಕೆಂಡ್ ಆದರೆ ನಡೆಯುತ್ತದೆ ಅನ್ನುವ ಮಾತು ಸುಳ್ಳು. ಕೆಳಗೆ ಹಾಡಿನವರ ಹೆಸರು ಹಾಕಿಬಿಟ್ಟರೆ ಅನುಮತಿ ಸಿಕ್ಕ ಹಾಗಲ್ಲ.

ಆ ಮೇಲ್ ಇನ್ನೊಮ್ಮೆ ಓದು. ಕ್ಲೇಮ್ ಅಂತಿದೆಯೋ ಸ್ಟ್ರೈಕ್ ಅಂತಿದೆಯೋ? ಕ್ಲೇಮ್ ಆದರೆ ಸಾಮಾನ್ಯವಾಗಿ ಜಾಹೀರಾತಿನ ದುಡ್ಡು ಹಾಡಿನವರಿಗೆ ಹೋಗುತ್ತದೆ, ಇಲ್ಲವೇ ಆ ವಿಡಿಯೋ ಕಾಣಿಸುವುದಿಲ್ಲ. ಸ್ಟ್ರೈಕ್ ಅಂದರೆ ಹಕ್ಕಿನವರು ದೂರು ಕೊಟ್ಟು ವಿಡಿಯೋ ತೆಗೆಸಿದಾಗ ಬೀಳುವ ಎಚ್ಚರಿಕೆ, 90 ದಿನದೊಳಗೆ ಅಂಥ ಮೂರು ಬಂದರೆ ಚಾನೆಲ್ಲೇ ಹೋಗಬಹುದು. ಕ್ಲೇಮ್ ಬಂದ ಹಾಡನ್ನಷ್ಟೇ ತೆಗೆಯಲು ಯೂಟ್ಯೂಬ್ ಸ್ಟುಡಿಯೋದಲ್ಲಿ ದಾರಿ ಇದೆ. ಅಲ್ಲೇ ಆಡಿಯೋ ಲೈಬ್ರರಿ ಅಂತ ಪುಕ್ಕಟೆ ಸಂಗೀತವೂ ಇದೆ. ನಿನಗೆ ಇದೆಲ್ಲ ನನಗಿಂತ ಜಾಸ್ತಿ ಗೊತ್ತಿರುತ್ತದೆ, ಆದರೂ ಬರೆಯದೆ ಇರಲಾಗಲಿಲ್ಲ.

ಮತ್ತೆ ಆ ಸಾಲಿಗೇ ಬರುತ್ತೇನೆ. ಕದ್ದೆನಾ ಅಂತ ನೀನು ಒಂದೇ ರಾತ್ರಿಗೆ ಕೇಳಿದೆ. ನನಗೆ ಆ ಮಾತು ಬಾಯಿಗೆ ಬರಲು ಅಂಗಡಿ ಮುಚ್ಚಿ ಎಷ್ಟೋ ವರ್ಷ ಆಗಬೇಕಾಯಿತು. ಅಷ್ಟು ಹೊತ್ತಿಗೆ ಆ ತಾಯಿ ಇರಲಿಲ್ಲ. ನಿನ್ನ ಹಾಡಿನವರು ಇನ್ನೂ ಇದ್ದಾರೆ, ನೀನು ತೆಗೆದರೆ ಮುಗಿಯಿತು. ಇವತ್ತೇ ತೆಗೆದುಬಿಡು ಮಗು.

ಪಾಠಕ್ಕೆ ಮಳೆಯ ಸದ್ದು ಸಾಕಲ್ಲವಾ? ಇಲ್ಲಿ ಈಗ ಹಂಚಿನ ಮೇಲೆ ಜೋರಾಗಿ ಬೀಳುತ್ತಿದೆ. ಫೋನಿನಲ್ಲಿ ಹಿಡಿದು ಸಂಜೆಯೊಳಗೆ ಕಳಿಸುತ್ತೇನೆ.

ನಿನ್ನ ಮಾವ