ಉತಾರದಲ್ಲಿ ಒಬ್ಬರ ಹೆಸರು, ಹೊಲದಲ್ಲಿ ಇಬ್ಬರು

ಯುಗಾದಿ ಸಂಚಿಕೆಗೆ ಈ ಸಲ ಒಂದೇ ವಿಷಯ: ನೂರು ವರ್ಷದ ಹಿಂದೆ ಒಕ್ಕಲುತನ ಮಾಡಿಕೊಂಡಿದ್ದ ನಿಮ್ಮ ಮನೆಯ ಹಿರಿಯ ಗಂಡ-ಹೆಂಡತಿಯ ಕಥೆ. ಪುಣೆಯಲ್ಲಿರುವ ನಮ್ಮಲ್ಲಿ ಬಹಳ ಜನ ವಿಜಯಪುರ, ಬಾಗಲಕೋಟೆ, ಬೆಳಗಾವಿ, ಕಲಬುರಗಿ ಕಡೆಯವರು. ಮೂರು ತಲೆಮಾರು ಹಿಂದೆ ಹೋದರೆ ಬೀಜ ಬಿತ್ತುವ ಕೂರಿಗೆ, ಎತ್ತು, ನೆಲದಡಿ ಕಾಳು ತುಂಬಿಡುವ ಹಗೇವು ಎಲ್ಲಾ ಮನೆಯವೇ ಅಲ್ವಾ? ಕೆಲವು ಬರಹಗಳು ಆಗಲೇ ಬಂದಿವೆ. ಓದಿ ಖುಷಿಯಾಯಿತು. ಆದರೆ ಒಂದು ಮಾತು ಹೇಳಲೇಬೇಕು. ಹೆಚ್ಚುಕಡಿಮೆ ಎಲ್ಲದರಲ್ಲೂ ಮುತ್ತಜ್ಜನ ಹೆಸರಿದೆ, ಎಷ್ಟು ಎಕರೆ ಇತ್ತು ಅಂತ ಇದೆ, ಬದುವಿನ ಜಗಳ ಯಾರ ಜೊತೆ ಆಯಿತು ಅಂತಲೂ ಇದೆ. ಮುತ್ತಜ್ಜಿ ಮಾತ್ರ 'ಬಹಳ ಒಳ್ಳೆಯವರಿದ್ದರು' ಅನ್ನುವ ಒಂದು ಸಾಲಿಗೆ ಮುಗಿದುಹೋಗಿದ್ದಾರೆ.

ಬರೆದವರನ್ನು ದೂರುತ್ತಿಲ್ಲ. ನಮಗೆ ಸಿಗುವ ಕಾಗದಪತ್ರವೇ ಹಾಗಿದೆ. ಆಗ ಬೆಳಗಾವಿ, ವಿಜಯಪುರ, ಧಾರವಾಡವೆಲ್ಲ ಮುಂಬೈ ಪ್ರಾಂತಕ್ಕೆ ಸೇರಿದ್ದವು. 1903ರ ಕಾನೂನಿನಿಂದ ಅಲ್ಲಿ ಯಾವ ಹೊಲದ ಮೇಲೆ ಯಾರ ಹಕ್ಕು ಅಂತ ಬರೆದಿಡುವ ಪದ್ಧತಿ ಬಂತು. ಅದರ ನಕಲೇ ಉತಾರ. ಮಾರಿದರೆ, ಒತ್ತೆ ಇಟ್ಟರೆ, ಖಾತೆದಾರ ತೀರಿಕೊಂಡರೆ ಒಂದೊಂದು ಡೈರಿ, ಅಂದರೆ ಹಕ್ಕು ಬದಲಾದ ನಮೂದು. ಹೆಂಡತಿಯ ಹೆಸರು ಬರುವುದು ಹೆಚ್ಚಾಗಿ ಗಂಡ ಹೋದ ಮೇಲೆ, ಅದೂ ಸಣ್ಣ ಮಕ್ಕಳ ಪಾಲಕಿ ಅಂತ. ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ ಬಂದು ವಂಶಾವಳಿ ಹೇಳಿ ಕಾಳು ಪಡೆದು ಹೋಗುವ ಹೆಳವರ ಲೆಕ್ಕವೂ ಗಂಡುಮಕ್ಕಳ ಬಳ್ಳಿ ಹಿಡಿದೇ ಹೋಗುತ್ತದೆ. ಅವರು ಹೇಳುವುದನ್ನು ಖಂಡಿತ ಬರೆದುಕೊಳ್ಳಿ. ಅಷ್ಟಕ್ಕೇ ನಿಲ್ಲಿಸಬೇಡಿ.

ಯಾಕೆಂದರೆ ಹೊಲದಲ್ಲಿ ಇಬ್ಬರೂ ಇದ್ದರು. ಬಿತ್ತನೆಯನ್ನೇ ನೋಡಿ. ಎತ್ತು ಹೊಡೆಯುವವನು ಗಂಡ, ಕೂರಿಗೆಯ ಬಟ್ಟಲಿಗೆ ಬೀಜ ಬಿಡುತ್ತಾ ಜೊತೆಗೆ ನಡೆಯುವವಳು ಹೆಂಡತಿ. ಉಡಿಯಲ್ಲಿ ಬೀಜ, ಕಣ್ಣು ಬಟ್ಟಲಿನ ಮೇಲೆ, ಕಾಲ ಕೆಳಗೆ ಎರೆಮಣ್ಣಿನ ಹೆಂಟೆ. ಬೆರಳ ಸಂದಿಯಿಂದ ಕಾಳು ಒಂದೇ ಸಮ ಇಳಿಯಬೇಕು. ಜಾಸ್ತಿ ಬಿದ್ದರೆ ಪೈರು ಒತ್ತಾಗುತ್ತದೆ, ಕಡಿಮೆ ಬಿದ್ದರೆ ಸಾಲು ಬೋಳು. ಆ ವರ್ಷ ಮನೆಗೆ ಎಷ್ಟು ಚೀಲ ಜೋಳ ಬರುತ್ತದೆ ಅನ್ನುವುದು ಎತ್ತಿನ ಮೇಲೆ ಎಷ್ಟು ನಿಂತಿತ್ತೋ ಆ ಕೈಯ ಮೇಲೂ ಅಷ್ಟೇ ನಿಂತಿತ್ತು. ಆ ಬೀಜಕ್ಕೆ ಒಳ್ಳೆಯ ತೆನೆ ಆರಿಸಿ, ಬೂದಿ ಬೆರೆಸಿ, ಮನೆಯಲ್ಲಿ ಎಷ್ಟೇ ಕಷ್ಟ ಬಂದರೂ ಅದಕ್ಕೆ ಕೈ ಹಾಕದ ಹಾಗೆ ಕಾದವಳೂ ಅವಳೇ.

ನಮ್ಮ ಮನೆಯದನ್ನೇ ಹೇಳುತ್ತೇನೆ. 1918ರಲ್ಲಿ ಮಳೆ ಕೈಕೊಟ್ಟಿತ್ತು. ಜೂನಿನಲ್ಲಿ ಮುಂಬೈಗೆ ಬಂದಿದ್ದ ಇನ್‌ಫ್ಲುಯೆಂಜಾ ಜ್ವರ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಹಳ್ಳಿಹಳ್ಳಿಗೆ ನುಗ್ಗಿತು, ಹಿಂಗಾರಿ ಬಿಳಿಜೋಳ ಬಿತ್ತುವ ದಿನಗಳೂ ಅವೇ. ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತರು, 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ 1911ಕ್ಕಿಂತ ಕಡಿಮೆ ಬಂತು. ನಮ್ಮ ಮುತ್ತಜ್ಜ ಆ ಜ್ವರದಲ್ಲೇ ಹೋದರು. ಮುತ್ತಜ್ಜಿ ತವರಿನಿಂದ ತಮ್ಮನನ್ನು ಕರೆಸಿ ಕೂರಿಗೆ ಕಟ್ಟಿಸಿದರು, ಎಂದಿನ ಹಾಗೆ ತಾವೇ ಬೀಜ ಬಿಟ್ಟರು. ಮಕ್ಕಳು ದೊಡ್ಡವರಾಗುವ ತನಕ ಆ ಹೊಲ ನಡೆಸಿದವರು ಅವರು. ಕಾಗದದಲ್ಲಿ ಅವರು ಪಾಲಕಿ ಮಾತ್ರ. ಉಳಿದದ್ದು ನಮಗೆ ಗೊತ್ತಾದದ್ದು ನಮ್ಮವ್ವನ ಬಾಯಿಂದ: "ನಮ್ಮಾಯಿ ಬೀಜ ಬಿಟ್ಟಳಂದ್ರ ಸಾಲು ತಪ್ಪತಿರಲಿಲ್ಲ."

ಆದ್ದರಿಂದ ಊರಿಂದ ಅವ್ವನೋ ಅತ್ತೆಯೋ ಪುಣೆಗೆ ಬಂದಾಗ ಕೇಳಿ. ಸುಮ್ನೆ 'ಹಳೇದು ಏನಾದ್ರೂ ಹೇಳು' ಅಂದರೆ ಏನೂ ಬರುವುದಿಲ್ಲ. ಅಜ್ಜಿಯ ತವರು ಯಾವ ಊರು, ನೀರು ಎಲ್ಲಿಂದ ಹೊರುತ್ತಿದ್ದರು, ಬೀಜ ಎಲ್ಲಿ ಇಡುತ್ತಿದ್ದರು, ಎಳ್ಳಮಾವಾಸ್ಯೆಗೆ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಯಾವ ಹೊಲಕ್ಕೆ ಹೋಗುತ್ತಿದ್ದರು ಅಂತ ಕೇಳಿ, ಒಂದು ಹೊಲದ ನೆನಪು ಹತ್ತು ಮಂದಿಯನ್ನು ಎಳೆದುಕೊಂಡು ಬರುತ್ತದೆ. ವರ್ಷ ಹೇಳಲು ಬರದಿದ್ದರೆ ರೋಗ, ಬರ ಹಿಡಿದು ಹೋಗಿ. ಪ್ಲೇಗಿನಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದರು ಅನ್ನುವುದರಿಂದ ಮಾತ್ರ ವರ್ಷ ಸಿಗುವುದಿಲ್ಲ, ಅದು 1896ರಿಂದ ಎಷ್ಟೋ ವರ್ಷ ಬಂದು ಹೋಗುತ್ತಲೇ ಇತ್ತು. ಇನ್‌ಫ್ಲುಯೆಂಜಾ ಹಾಗಲ್ಲ. ಅದಕ್ಕಿಂತ ಮೊದಲು ಹುಟ್ಟಿದ ಮಗುವೋ, ಆಮೇಲಿನದೋ ಅಂತ ಗೊತ್ತಾದರೂ ಅರ್ಧ ಕೆಲಸ ಆದ ಹಾಗೆ.

ಹಳೆಯ ಡೈರಿಯ ನಕಲಿಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅರ್ಜಿ ಕೊಡಿ. ಕಲಬುರಗಿ ಕಡೆಯವರಿಗೆ ನಿಜಾಮರ ಕಾಲದ ಉರ್ದು ಕಾಗದ ಸಿಗಬಹುದು, ಬೆಳಗಾವಿ-ವಿಜಯಪುರದವರಿಗೆ ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯದು. ಓದಲಾಗಲಿಲ್ಲ ಅಂತ ಮತ್ತೆ ಪೆಟ್ಟಿಗೆಗೆ ಹಾಕಬೇಡಿ. ಮೋಡಿ ಬಲ್ಲವರು ಪುಣೆಯಲ್ಲಿ ಈಗಲೂ ಸಿಗುತ್ತಾರೆ, ಸದಾಶಿವ ಪೇಠೆಯ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಂತೂ ಆ ಲಿಪಿಯ ಕಾಗದಗಳ ದೊಡ್ಡ ಸಂಗ್ರಹವೇ ಇದೆ. ಮೂಲ ಕಾಗದ ಕಳಿಸಬೇಡಿ, ಫೋಟೋ ತೆಗೆದು ಕಳಿಸಿ. ಆಗಲೇ ಬರಹ ಕೊಟ್ಟವರು ಬೇಕಿದ್ದರೆ ವಾಪಸ್ ತೆಗೆದುಕೊಂಡು, ಮನೆಗೊಂದು ಫೋನ್ ಮಾಡಿ, ಮುತ್ತಜ್ಜಿಯ ಹೆಸರು ಮತ್ತು ತವರೂರು ಸೇರಿಸಿ ಮತ್ತೆ ಕಳಿಸಬಹುದು. ಅದಕ್ಕಾಗಿ ಇನ್ನೊಂದೆರಡು ಪುಟ ಹೆಚ್ಚಾದರೂ ಹಾಕುತ್ತೇವೆ.